ಗಂಡನ ಆಸ್ತಿಪತ್ರಗಳಲ್ಲಿ ಹೆಂಡತಿಯ ಬದುಕು: ಉಯಿಲು, ಪ್ರೊಬೇಟ್ ಕುರಿತು ಓದುಗರ ಪ್ರಶ್ನೆಗಳು

ಕಂಪನಿ ಸರ್ಕಾರದ ಕಾಲದಲ್ಲೂ ಆನಂತರದ ಬ್ರಿಟಿಷ್ ಆಳ್ವಿಕೆಯಲ್ಲೂ ನಮ್ಮ ಸೀಮೆಯಲ್ಲಿ ಬಾಳಿದ ವಿಧವೆಯರ ಜಾಡನ್ನು ಉಯಿಲು ಮತ್ತು ಪ್ರೊಬೇಟ್ (ಉಯಿಲನ್ನು ಒಪ್ಪಿ ಕೋರ್ಟು ಕೊಡುವ ದೃಢೀಕರಣ) ಕಾಗದಗಳ ಮೂಲಕ ಹಿಡಿಯುವುದು ಹೇಗೆಂದು ಕೇಳಿ ಹಲವು ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಹೆಚ್ಚು ಜನರಿಗೆ ಉಪಯೋಗವಾಗಬಹುದಾದವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಬೆಂಗಳೂರು ದಂಡಿನ ಹಳೆಯ ಸ್ಮಶಾನವೊಂದರಲ್ಲಿ ಮದ್ರಾಸ್ ಪದಾತಿದಳದ ಕ್ಯಾಪ್ಟನ್ ಒಬ್ಬನ ಸಮಾಧಿಯಿದೆ. 1830ರ ದಶಕದ ಕಲ್ಲು. ಶೋಕತಪ್ತಳಾದ ಪತ್ನಿ ಇದನ್ನು ನಿಲ್ಲಿಸಿದಳೆಂದು ಕೆತ್ತಲಾಗಿದೆಯೇ ಹೊರತು ಆಕೆಯ ಹೆಸರಿಲ್ಲ. ಆಕೆಯ ಉಯಿಲಿಗಾಗಿ ಹುಡುಕಿದೆ, ಸಿಗಲಿಲ್ಲ. ಮುಂದೇನು ಮಾಡಲಿ? — ಬೆಂಗಳೂರಿನ ಓದುಗರು

ಉತ್ತರ: ಆಕೆಯ ಉಯಿಲನ್ನು ಸದ್ಯಕ್ಕೆ ಬದಿಗಿಡಿ. ಅದು ಸಿಗಬೇಕಾದರೆ ಆಕೆ ಯಾವ ಹೆಸರಿನಲ್ಲಿ, ಯಾವ ದೇಶದಲ್ಲಿ, ಯಾವ ವರ್ಷ ತೀರಿಕೊಂಡಳೆಂಬುದು ಗೊತ್ತಿರಬೇಕು. ಈ ಮೂರೂ ನಿಮಗೆ ಗೊತ್ತಿಲ್ಲ. ಗೊತ್ತಿರುವುದು ಗಂಡನ ಹೆಸರು ಮತ್ತು ಅವನು ಸತ್ತ ತಾರೀಖು. ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ವಿವಾಹಿತೆಯೊಬ್ಬಳು ಆಸ್ತಿಯ ದಾಖಲೆಗಳಿಗೆ ತನ್ನದೇ ಹೆಸರಿನಲ್ಲಿ ಕಾಲಿಡುತ್ತಿದ್ದುದು ಬಹುಮಟ್ಟಿಗೆ ಗಂಡ ಸತ್ತ ಮೇಲೆಯೇ, ಅದೂ ಅವನು ಬಿಟ್ಟುಹೋದ ಹಣ ಕೈ ಬದಲಾಯಿಸಬೇಕಾಗಿದ್ದ ಕಾರಣದಿಂದ. ಹಣ ಎಲ್ಲೆಲ್ಲಿ ಕೈ ಬದಲಾಯಿಸಿತೋ ಅಲ್ಲೆಲ್ಲ ಗುಮಾಸ್ತನೊಬ್ಬ ಕುಳಿತು ಕಾಗದ ಬರೆದಿದ್ದಾನೆ. ಆ ಕಾಗದಗಳನ್ನು ಅವು ಹುಟ್ಟಿದ ಕ್ರಮದಲ್ಲೇ ಓದುತ್ತ ಹೋದರೆ ಆಕೆ ಸಿಗುತ್ತಾಳೆ.

ಮೊದಲು ನಿರ್ಧರಿಸಬೇಕಾದದ್ದು ಪ್ರಾಂತ್ಯ. ಬೆಂಗಳೂರು ಮೈಸೂರು ಸಂಸ್ಥಾನದೊಳಗಿದ್ದರೂ 1809ರಿಂದ ಇಲ್ಲಿ ಬೀಡುಬಿಟ್ಟದ್ದು ಮದ್ರಾಸ್ ಸೇನೆಯಾದ್ದರಿಂದ, ಇಲ್ಲಿನ ಚರ್ಚುಗಳ ಜ್ಞಾನಸ್ನಾನ, ಮದುವೆ ಮತ್ತು ಶವಸಂಸ್ಕಾರದ ವಿವರಗಳ ಪ್ರತಿಗಳು ಮದ್ರಾಸಿನ ಮೂಲಕ ಲಂಡನ್ನಿಗೆ ಹೋದವು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಎಂಬ ಸರಣಿಯಲ್ಲಿವೆ. ಬಳ್ಳಾರಿ, ಮಂಗಳೂರುಗಳಿಗೂ ಇದೇ ಸರಣಿ. ಧಾರವಾಡ, ಬೆಳಗಾವಿಗಳಾದರೆ ಮುಂಬಯಿಯ ಎನ್/3ನ್ನು ನೋಡಬೇಕು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ಕಾರವಾರದವರನ್ನು ಹುಡುಕುವವರು ಎರಡೂ ಕಡೆ ಕಣ್ಣಾಡಿಸಬೇಕಾಗುತ್ತದೆ. ಗಂಡನ ಶವಸಂಸ್ಕಾರದ ದಾಖಲೆಯಲ್ಲಿ ಹೆಂಡತಿಯ ಹೆಸರು ಇರುವುದಿಲ್ಲ; ಆದರೆ ಅವರಿಗೆ ಮಕ್ಕಳಾಗಿದ್ದರೆ ಜ್ಞಾನಸ್ನಾನದ ದಾಖಲೆಯಲ್ಲಿ ತಂದೆಯ ಹೆಸರಿನ ಪಕ್ಕದಲ್ಲಿ ತಾಯಿಯ ಮೊದಲ ಹೆಸರು ಬಂದಿರುತ್ತದೆ. ಸಾಮಾನ್ಯವಾಗಿ ಆಕೆ ಹೆಸರಿನಿಂದ ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ.

ಅಲ್ಲಿಂದ ಮುಂದೆ ಆಸ್ತಿಯ ಕಾಗದಗಳು. ಉಯಿಲು ಬರೆದು ಸತ್ತಿದ್ದರೆ ಪ್ರೊಬೇಟ್, ಬರೆಯದೆ ಸತ್ತಿದ್ದರೆ ಆಸ್ತಿಯನ್ನು ವಿಲೇವಾರಿ ಮಾಡಲು ಒಬ್ಬರಿಗೆ ಅಧಿಕಾರ ಕೊಡುವ ಆಡಳಿತಪತ್ರ; ಎರಡನ್ನೂ ಕೊಡುವ ಅಧಿಕಾರ ಮದ್ರಾಸಿನಲ್ಲಿ 1726ರ ಸನ್ನದಿನ ನಂತರ ಮೇಯರ್ ಕೋರ್ಟಿಗೂ, 1798ರಿಂದ ರೆಕಾರ್ಡರ್ ಕೋರ್ಟಿಗೂ, 1801ರಿಂದ ಸುಪ್ರೀಂ ಕೋರ್ಟಿಗೂ, 1862ರಿಂದ ಹೈಕೋರ್ಟಿಗೂ ಸೇರಿತ್ತು. ಈ ಕೋರ್ಟುಗಳಿಂದ ಲಂಡನ್ನಿಗೆ ಹೋದ ಉಯಿಲು ಮತ್ತು ಆಡಳಿತಪತ್ರಗಳ ಪ್ರತಿಗಳು ಎಲ್/ಎಜಿ/34/29 ಸರಣಿಯಲ್ಲೂ, ಸ್ವತ್ತಿನ ಪಟ್ಟಿ ಮತ್ತು ಲೆಕ್ಕಗಳು ಎಲ್/ಎಜಿ/34/27ರಲ್ಲೂ ಇವೆ. ಇವುಗಳಲ್ಲಿ ಬಹಳಷ್ಟನ್ನು ಫೈಂಡ್‌ಮೈಪಾಸ್ಟ್ ತಾಣದಲ್ಲಿ ಚಂದಾ ಕಟ್ಟಿ ನೋಡಬಹುದು. ಮೇಯರ್ ಕೋರ್ಟಿನ ಮೂಲ ಕಡತಗಳಿಗೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವಿದೆ.

ನಿಮ್ಮ ಕ್ಯಾಪ್ಟನ್ ಉಯಿಲು ಬರೆಯದೆ ಸತ್ತಿದ್ದರೆ ನಿರಾಶರಾಗಬೇಡಿ, ಅದರಿಂದ ಲಾಭವೇ ಹೆಚ್ಚು. ಉಯಿಲಿನಲ್ಲಿ ಗಂಡ ಹೆಂಡತಿಯ ಬಗ್ಗೆ ಆಡಿದ ಮಾತು ಇರುತ್ತದೆ. ಆಡಳಿತಪತ್ರದ ಕಡತದಲ್ಲಿ ಹೆಂಡತಿ ತಾನೇ ಮಾಡಿದ ಕೆಲಸ ಇರುತ್ತದೆ. ಆಡಳಿತಪತ್ರ ಕೋರುವ ಹಕ್ಕು ವಿಧವೆಗೆ ಅಥವಾ ಹತ್ತಿರದ ರಕ್ತಸಂಬಂಧಿಗೆ ಸೇರಿದ್ದೆಂದು ಇಂಗ್ಲೆಂಡಿನ 1529ರ ಶಾಸನವೇ ಹೇಳಿತ್ತು, ಇಲ್ಲಿನ ಕೋರ್ಟುಗಳೂ ಆ ಪದ್ಧತಿಯನ್ನೇ ಅನುಸರಿಸಿದವು. ಅರ್ಜಿ ಹಾಕಿದವಳು ಪ್ರಮಾಣ ಮಾಡಬೇಕು, ಇಬ್ಬರು ಜಾಮೀನುದಾರರೊಂದಿಗೆ ಮುಚ್ಚಳಿಕೆ ಬರೆದುಕೊಡಬೇಕು. ಆ ಇಬ್ಬರ ಹೆಸರನ್ನು ತಪ್ಪದೆ ಗುರುತು ಹಾಕಿಕೊಳ್ಳಿ. ಪರದೇಶದಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಹಣದ ಜವಾಬ್ದಾರಿ ಹೊತ್ತು ಜಾಮೀನು ನಿಂತವರು ಅಣ್ಣನೋ, ಅಕ್ಕನ ಗಂಡನೋ, ಮೃತನ ದಳದ ಗೆಳೆಯನೋ ಆಗಿರುವ ಸಂಭವ ಹೆಚ್ಚು; ಆಕೆಯ ತವರಿನ ಹೆಸರು ಹಲವು ಸಲ ದಕ್ಕುವುದು ಈ ಜಾಮೀನುದಾರರಿಂದಲೇ. ಎಷ್ಟೋ ಸಲ ಅವರಲ್ಲೊಬ್ಬ ಮುಂದೆ ಆಕೆಯ ಎರಡನೆಯ ಗಂಡನಾಗಿರುವುದೂ ಉಂಟು.

ಆಡಳಿತಪತ್ರ ಬೇರೆಯವರ ಹೆಸರಿನಲ್ಲಿದ್ದರೆ ಏಕೆಂದು ಕೇಳಿಕೊಳ್ಳಬೇಕು. ಆಕೆ ಆಗಲೇ ಹಡಗು ಹತ್ತಿರಬಹುದು. ಗಂಡನಿಗಿಂತ ಮೊದಲೇ ತೀರಿಕೊಂಡಿರಬಹುದು, ಆದರೆ ನಿಮ್ಮ ಕಲ್ಲು ಆ ಸಾಧ್ಯತೆಯನ್ನು ತಳ್ಳಿಹಾಕುತ್ತದೆ. ಇಲ್ಲವೆ ತನಗೆ ಈ ಹೊರೆ ಬೇಡವೆಂದು ಬರೆದುಕೊಟ್ಟಿರಬಹುದು. ಈ ಕೊನೆಯದು ಬಹಳ ಅರ್ಥವುಳ್ಳದ್ದು. ವಿಧವೆ ಹಿಂದೆ ಸರಿದು, ಮೃತನಿಗೆ ಹೆಚ್ಚು ಸಾಲ ಕೊಟ್ಟಿದ್ದವನೇ ಆಡಳಿತಪತ್ರ ಪಡೆದಿದ್ದರೆ ಆಸ್ತಿಗಿಂತ ಸಾಲ ಹೆಚ್ಚಿತ್ತೆಂದು ಬಹುಮಟ್ಟಿಗೆ ತಿಳಿಯಬಹುದು. ಯಾರೂ ಮುಂದೆ ಬರದಿದ್ದಾಗ ಸುಪ್ರೀಂ ಕೋರ್ಟಿನ ರಿಜಿಸ್ಟ್ರಾರನೇ ಆಸ್ತಿಯನ್ನು ವಹಿಸಿಕೊಳ್ಳುವ ಏರ್ಪಾಡು 1800ರ ಶಾಸನದಿಂದ ಬಂದಿತ್ತು. ಆ ಕೆಲಸ 1849ರ ನಂತರ ಅಡ್ಮಿನಿಸ್ಟ್ರೇಟರ್ ಜನರಲ್‌ಗೆ ಹೋಯಿತು.

ಇನ್ನು ಸ್ವತ್ತಿನ ಪಟ್ಟಿ. ಇಡೀ ಕಡತದಲ್ಲಿ ಇದರಷ್ಟು ಜೀವವಿರುವ ಕಾಗದ ಬೇರೊಂದಿಲ್ಲ. ಆ ಕಾಲದಲ್ಲಿ ಸತ್ತ ಅಧಿಕಾರಿಯ ಸಾಮಾನುಗಳನ್ನು ಕೆಲವೇ ವಾರಗಳಲ್ಲಿ ಬಹಿರಂಗ ಹರಾಜಿಗಿಡುತ್ತಿದ್ದರು, ದಳದ ಬಾಕಿಗಳನ್ನು ಅದರಿಂದಲೇ ತೀರಿಸುತ್ತಿದ್ದರು. ಪುಟದ ಎಡಗಡೆ ವಸ್ತು, ನಡುವೆ ಕೊಂಡವರ ಹೆಸರು, ಬಲಗಡೆ ಬೆಲೆ: ತೇಗದ ಮಂಚ, ಸೊಳ್ಳೆಪರದೆ, ಗಾಜಿನ ಕವಚವಿರುವ ಒಂದು ಜೊತೆ ದೀಪ, ಮೇನೆ, ಡೇರೆ, ಮದೀರಾ ಮದ್ಯದ ಬಾಟಲಿಗಳು, ಬಿಡಿ ಸಂಪುಟಗಳ ಒಂದು ಕಟ್ಟು ಪುಸ್ತಕ. ಕೊಂಡವರ ಸಾಲನ್ನು ಬೆರಳಿಟ್ಟು ಓದಿ. ನಡುವೆ ಎಲ್ಲೋ ವಿಧವೆಯ ಹೆಸರೇ ಬರುವುದುಂಟು. ತನ್ನದೇ ಮನೆಯ ಮಂಚವನ್ನೋ ಚಹಾ ಪಾತ್ರೆಗಳನ್ನೋ ಆಕೆ ಹಣ ಕೊಟ್ಟು ಬಿಡಿಸಿಕೊಂಡಿರುತ್ತಾಳೆ. ಆಕೆ ಕೊಂಡದ್ದು ತೊಟ್ಟಿಲು, ಮಂಚವಾದರೆ ಊರಿನಲ್ಲೇ ನಿಲ್ಲುವ ಯೋಚನೆಯಿತ್ತೆಂದೂ, ಏನನ್ನೂ ಕೊಳ್ಳದೆ ಎಲ್ಲವನ್ನೂ ಹೋಗಗೊಟ್ಟಿದ್ದರೆ ಸ್ವದೇಶಕ್ಕೆ ಹೊರಟಿದ್ದಳೆಂದೂ ಊಹಿಸಲು ಅವಕಾಶವಿದೆ, ಆದರೆ ಇದು ಊಹೆಯೇ. ಬೇರೆ ಕಾಗದದಿಂದ ಗಟ್ಟಿಯಾಗುವವರೆಗೆ ಹಾಗೆಯೇ ಇರಲಿ. ಪಟ್ಟಿಯಲ್ಲಿ ಒಡವೆ ಇಲ್ಲವೆಂದು ಆಕೆಯ ಮೈಮೇಲೆ ಒಡವೆಯೇ ಇರಲಿಲ್ಲವೆಂದು ತೀರ್ಮಾನಿಸಬೇಡಿ. ಹೆಂಡತಿಯ ಉಡುಪು, ಅಂತಸ್ತಿಗೆ ತಕ್ಕ ಆಭರಣ ಇವು ಗಂಡ ಸತ್ತಮೇಲೆ ಆಕೆಗೇ ಸೇರುತ್ತಿದ್ದವು, ಅವನ ಆಸ್ತಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸಾಲ ತೀರದೆ ಹೋದಾಗ ಮಾತ್ರ ಸಾಲ ಕೊಟ್ಟವರ ಕಣ್ಣು ಆಭರಣಗಳ ಮೇಲೆ ಬೀಳುತ್ತಿತ್ತು.

ಪಟ್ಟಿಯ ನಂತರ ಬರುವ ಅಂತಿಮ ಲೆಕ್ಕವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಅದೊಂದು ಕೆಟ್ಟ ಅಭ್ಯಾಸ. ಹರಾಜಿನಲ್ಲಿ ಎಷ್ಟು ಬಂತೆಂಬುದು ಪಟ್ಟಿಯಲ್ಲಿದ್ದರೆ, ವೈದ್ಯನಿಗೆ, ಶವಪೆಟ್ಟಿಗೆ ಮಾಡಿದ ಬಡಗಿಗೆ, ಸಂಬಳ ಬಾಕಿಯಿದ್ದ ಅಡುಗೆಯವನಿಗೆ, ಕಲ್ಲು ಕೆತ್ತಿದವನಿಗೆ ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬುದು ಲೆಕ್ಕದಲ್ಲಿರುತ್ತದೆ. ಉಯಿಲಿಲ್ಲದೆ ಸತ್ತವನ ಚರಾಸ್ತಿಯಲ್ಲಿ ಮಕ್ಕಳಿದ್ದರೆ ವಿಧವೆಗೆ ಮೂರರಲ್ಲೊಂದು ಪಾಲು, ಇಲ್ಲದಿದ್ದರೆ ಅರ್ಧ. ಇದು ಇಂಗ್ಲೆಂಡಿನ 1670ರ ಶಾಸನದ ಹಂಚಿಕೆ. 1865ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೂ ಈ ಮೂರರಲ್ಲೊಂದು, ಅರ್ಧಗಳನ್ನು ಉಳಿಸಿಕೊಂಡಿತು. ಆದ್ದರಿಂದ ಲೆಕ್ಕದ ಕೊನೆಯ ಸಾಲಿನಲ್ಲಿ ಆಕೆಗೆ ಸಂದ ಭಾಗವನ್ನು ನೋಡಿದರೇ ಮಕ್ಕಳು ಬದುಕಿದ್ದರೋ ಇಲ್ಲವೋ ತಿಳಿಯುತ್ತದೆ.

ಆಮೇಲೆ ಪಿಂಚಣಿ. 1770ರಲ್ಲಿ ಕ್ಲೈವ್ ನೀಡಿದ ಹಣದಿಂದ ಆರಂಭವಾದ ನಿಧಿ, ಅಧಿಕಾರಿಗಳೇ ಚಂದಾ ಕಟ್ಟುತ್ತಿದ್ದ ಮದ್ರಾಸ್ ಮಿಲಿಟರಿ ಫಂಡ್ ಮೊದಲಾದವುಗಳ ಲೆಕ್ಕಪುಸ್ತಕಗಳು ಎಲ್/ಎಜಿ/23 ಸರಣಿಯಲ್ಲಿವೆ. ಕ್ಲೈವ್ ನಿಧಿಯಿಂದ ಹಣ ಪಡೆಯಬೇಕಾದರೆ ಗಂಡ ಬಿಟ್ಟುಹೋದ ಆಸ್ತಿ ಇಂತಿಷ್ಟನ್ನು ಮೀರಿಲ್ಲವೆಂದು ತೋರಿಸಬೇಕಿತ್ತು. ಹೀಗಾಗಿ ಕೋರ್ಟಿನ ಲೆಕ್ಕ, ನಿಧಿಯ ಅರ್ಜಿ ಎರಡನ್ನೂ ಎದುರುಬದುರು ಇಟ್ಟು ಓದುವುದು ಒಳ್ಳೆಯದು. ಮರುಮದುವೆಯಾದರೆ ಪಿಂಚಣಿ ನಿಲ್ಲುತ್ತಿತ್ತು. ಎಂದಿನಿಂದ ಹಣ ನಿಂತಿದೆಯೋ ಅದರ ಆಸುಪಾಸಿನ ತಿಂಗಳುಗಳಲ್ಲಿ ಎನ್/2ರ ಮದುವೆಗಳನ್ನೂ ಶವಸಂಸ್ಕಾರಗಳನ್ನೂ ಹುಡುಕಿ, ಎರಡರಲ್ಲೊಂದು ಸಿಗಬೇಕು.

ಮರುಮದುವೆ ಅಪರೂಪವಾಗಿರಲಿಲ್ಲ, ಬಹಳ ತಡವಾಗಿಯೂ ಆಗುತ್ತಿರಲಿಲ್ಲ. ಸಾಮಾನ್ಯ ಸಿಪಾಯಿಯ ಐರೋಪ್ಯ ವಿಧವೆಗೆ ಬ್ಯಾರಕ್ಕಿನಲ್ಲಿ ಜಾಗ, ಪಡಿ ಸಿಗುತ್ತಿದ್ದುದು ಕೆಲವೇ ತಿಂಗಳು. ಅಷ್ಟರೊಳಗೆ ಮತ್ತೊಬ್ಬನನ್ನು ವರಿಸುವುದು ಆಕೆಗೆ ಹೊಟ್ಟೆಪಾಡಿನ ಮಾತಾಗಿತ್ತು. ಮೇಲಿನ ವರ್ಗದಲ್ಲೂ ಹೀಗೆಯೇ. ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಸೇಂಟ್ ಮೇರಿ ಚರ್ಚಿನ ಮೊದಲ ಮದುವೆ ನಡೆದದ್ದು 1680ರ ನವೆಂಬರಿನಲ್ಲಿ. ವಧು ಕ್ಯಾಥರೀನ್ ಹಿನ್ಮರ್ಸ್ ಅದೇ ವರ್ಷ ಗಂಡನನ್ನು ಕಳೆದುಕೊಂಡಿದ್ದವಳು, ವರ ಮುಂದೆ ಮದ್ರಾಸಿನ ಗವರ್ನರ್ ಆದ ಎಲಿಹು ಯೇಲ್. ಹೆಸರು ಬದಲಾಗುವುದರಿಂದ ಆಗುವ ಫಜೀತಿಗೆ ಕಲ್ಕತ್ತೆಯ ಬೇಗಂ ಜಾನ್ಸನ್ನಳಿಗಿಂತ ಒಳ್ಳೆಯ ನಿದರ್ಶನವಿಲ್ಲ. 1812ರಲ್ಲಿ ತೀರಿಕೊಂಡ, ಫ್ರಾನ್ಸಿಸ್ ಎಂಬ ಹೆಸರಿನ ಈಕೆ ಹುಟ್ಟಿದ್ದು ಕ್ರೋಕ್ ಎಂಬ ಮನೆತನದಲ್ಲಿ; ಆಮೇಲೆ ಟೆಂಪ್ಲರ್, ಆಲ್ಥಮ್, ವಾಟ್ಸ್, ಕೊನೆಗೆ ಜಾನ್ಸನ್. ಸೇಂಟ್ ಜಾನ್ ಚರ್ಚಿನ ಆವರಣದಲ್ಲಿರುವ ಆಕೆಯ ಗೋರಿ ಈ ಎಲ್ಲ ಗಂಡಂದಿರನ್ನೂ ಹೆಸರಿಸುವ ದಯೆ ತೋರಿದೆ. ಎಲ್ಲರ ಗೋರಿಗಳೂ ಅಷ್ಟು ಉಪಕಾರಿಗಳಲ್ಲ.

ಇಲ್ಲೆಲ್ಲೂ ಆಕೆ ಸಿಗದಿದ್ದರೆ ಇಂಗ್ಲೆಂಡಿಗೆ ಮರಳಿದಳೆಂದೇ ಹಿಡಿದು ಮುಂದುವರಿಯಿರಿ. 1845ರವರೆಗೆ ನಡೆದ ಏಷಿಯಾಟಿಕ್ ಜರ್ನಲ್ ಎಂಬ ಲಂಡನ್ನಿನ ಪತ್ರಿಕೆ ಹಡಗುಗಳ ಪ್ರಯಾಣಿಕರ ಹೆಸರುಗಳನ್ನು ಅಚ್ಚು ಹಾಕುತ್ತಿತ್ತು. ಅಲ್ಲಿ ಆಕೆ ತೀರಿಕೊಂಡದ್ದು 1858ರ ಜನವರಿಗಿಂತ ಮೊದಲಾದರೆ ಆಗ ಪ್ರೊಬೇಟ್ ಕೊಡುತ್ತಿದ್ದ ಚರ್ಚ್ ನ್ಯಾಯಾಲಯವಾದ ಕ್ಯಾಂಟರ್ಬರಿಯ ಪ್ರಿರಾಗೆಟಿವ್ ಕೋರ್ಟಿನ ಉಯಿಲುಗಳನ್ನು, ಅನಂತರವಾದರೆ ರಾಷ್ಟ್ರೀಯ ಪ್ರೊಬೇಟ್ ಕ್ಯಾಲೆಂಡರನ್ನು ನೋಡಬೇಕು. ಇವೆರಡಕ್ಕಿಂತ ಹೆಚ್ಚಿನದನ್ನು ಹೇಳುವುದು ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಮರಣ ತೆರಿಗೆ ಪುಸ್ತಕಗಳು, 1796ರಿಂದ 1903ರವರೆಗಿನವು, ಐಆರ್ 26 ಎಂಬ ಸರಣಿ. ತೆರಿಗೆ ವಸೂಲಾಗುವವರೆಗೆ ಅಧಿಕಾರಿಗಳು ಆಸ್ತಿಯ ಬೆನ್ನು ಬಿಡುತ್ತಿರಲಿಲ್ಲವಾದ್ದರಿಂದ, ವಾರಸುದಾರಳು ಯಾವಾಗ ಮರುಮದುವೆಯಾದಳು, ಯಾವಾಗ ಸತ್ತಳು ಎಂಬ ಟಿಪ್ಪಣಿಗಳು ದಶಕಗಳ ನಂತರವೂ ಅದೇ ಪುಟದ ಅಂಚಿಗೆ ಬಂದು ಕೂತಿರುತ್ತವೆ.

ಪ್ರಶ್ನೆ: 18ನೆಯ ಶತಮಾನದ ಮದ್ರಾಸಿನ ಉಯಿಲುಗಳಲ್ಲಿ ಹೆಂಗಸರು ಬರೆದವೆಲ್ಲ ಏಕೆ ವಿಧವೆಯರದೇ? ಸುಮಂಗಲಿಯರಿಗೆ ಆಸ್ತಿ ಇರಲಿಲ್ಲವೆ? — ಮೈಸೂರಿನ ಓದುಗರು

ಉತ್ತರ: ಅವಿವಾಹಿತೆಯರವೂ ಕೆಲವು ಸಿಗುತ್ತವೆ. ಉಳಿದಂತೆ ನೀವು ಗಮನಿಸಿದ್ದು ಸರಿ. ಮದುವೆಯಾದೊಡನೆ ಹೆಂಡತಿಯ ಹಣ, ಒಡವೆ, ಪೀಠೋಪಕರಣಗಳೆಲ್ಲ ಗಂಡನವಾಗುತ್ತಿದ್ದವು. ತನ್ನದಲ್ಲದ್ದನ್ನು ಉಯಿಲಿನಲ್ಲಿ ಬರೆಯುವಂತಿರಲಿಲ್ಲ. ಗಂಡ ಒಪ್ಪಿದರೆ, ಇಲ್ಲವೆ ಮದುವೆಗೆ ಮುಂಚೆಯೇ ಧರ್ಮದರ್ಶಿಗಳ (ಟ್ರಸ್ಟಿಗಳ) ಕೈಯಲ್ಲಿ ಹಣವಿಟ್ಟು ಒಪ್ಪಂದ ಮಾಡಿಕೊಂಡಿದ್ದರೆ ಮಾತ್ರ ಆಕೆ ಬರೆಯಬಹುದಿತ್ತು. ವಿಧವೆಯಾದ ಮೇಲೆ ಕೊಳ್ಳುವ, ಮಾರುವ, ಸಾಲ ಕೊಡುವ, ದಾವೆ ಹೂಡುವ, ಉಯಿಲು ಬರೆಯುವ ಹಕ್ಕುಗಳೆಲ್ಲ ಒಟ್ಟಿಗೆ ಬರುತ್ತಿದ್ದವು. ಕಂಪನಿಯ ಬಾಂಡುಗಳಲ್ಲಿ ಹಣ ಹೂಡಿ ಬಡ್ಡಿಯಲ್ಲಿ ಬದುಕಿದ ವಿಧವೆಯರು ಮದ್ರಾಸಿನಲ್ಲೂ ಕಲ್ಕತ್ತೆಯಲ್ಲೂ ಇದ್ದರು. ಮರುಮದುವೆಯಾದೊಡನೆ ಆ ಹಕ್ಕುಗಳು ಮತ್ತೆ ಹೋಗುತ್ತಿದ್ದವು, ಹಿಂದೆ ಬರೆದ ಉಯಿಲೂ ರದ್ದಾಗುತ್ತಿತ್ತು.

1866ರ ಜನವರಿ 1ರಿಂದ ಚಿತ್ರ ಬದಲಾಯಿತು. ಆ ದಿನ ಜಾರಿಗೆ ಬಂದ ಉತ್ತರಾಧಿಕಾರ ಕಾಯ್ದೆಯ 4ನೆಯ ಕಲಮು, ಮದುವೆಯಿಂದ ಒಬ್ಬರ ಆಸ್ತಿಯಲ್ಲಿ ಇನ್ನೊಬ್ಬರಿಗೆ ಹಕ್ಕು ಹುಟ್ಟುವುದಿಲ್ಲವೆಂದು ಸಾರಿತು. ಇಂಗ್ಲೆಂಡಿನ ಹೆಂಗಸರು ಇಷ್ಟನ್ನು ಪಡೆಯಲು 1882ರವರೆಗೆ ಕಾಯಬೇಕಾಯಿತು. ಹಾಗಾಗಿ 1866ರ ನಂತರ ಇಲ್ಲಿ ನೆಲೆಸಿದ್ದ ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಗಂಡ ಬದುಕಿರುವಾಗಲೇ ಹೆಂಡತಿ ಬರೆದ ಉಯಿಲು ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ಈ ಕಾಯ್ದೆ ಹಿಂದೂ, ಮುಸ್ಲಿಮರಿಗೆ ಅನ್ವಯಿಸುತ್ತಿರಲಿಲ್ಲ.

ಪ್ರಶ್ನೆ: ಕೊಡಗಿನ ಕಾಫಿ ತೋಟವೊಂದರ ಐರೋಪ್ಯ ಮಾಲೀಕ 1880ರ ದಶಕದಲ್ಲಿ ಬರೆದ ಉಯಿಲಿನಲ್ಲಿ, ಹೆಂಡತಿ ತನ್ನ ವಿಧವೆಯಾಗಿ ಇರುವವರೆಗೆ ಮಾತ್ರ ತೋಟದ ಆದಾಯ ಆಕೆಗೆ ಸಲ್ಲತಕ್ಕದ್ದೆಂದಿದೆ. ಇಷ್ಟು ಕ್ರೂರಿಯಾಗಿದ್ದನೆ? — ಮಡಿಕೇರಿಯ ಓದುಗರು

ಉತ್ತರ: ಈ ಒಂದು ವಾಕ್ಯದಿಂದ ದಾಂಪತ್ಯವನ್ನು ಅಳೆಯಲಾಗದು. ಇದು ವಕೀಲರ ಮೇಜಿನ ಮೇಲೆ ಸಿದ್ಧವಾಗಿರುತ್ತಿದ್ದ ಒಕ್ಕಣೆ. ಹಳೆಯ ಕಾನೂನಿನಲ್ಲಿ ವಿಧವೆ ಮರುಮದುವೆಯಾದರೆ ಆಕೆಯ ಕೈಯಲ್ಲಿದ್ದ ಹಣ ಎರಡನೆಯ ಗಂಡನ ಪಾಲಾಗುತ್ತಿತ್ತು, ಮೊದಲನೆಯವನ ಮಕ್ಕಳು ಬರಿಗೈಯಾಗುತ್ತಿದ್ದರು; ಅದನ್ನು ತಡೆಯಲು ಹುಟ್ಟಿದ ಷರತ್ತು ಇದು. 1866ರ ನಂತರ ಆ ಭಯಕ್ಕೆ ಆಧಾರ ಬಹುಮಟ್ಟಿಗೆ ಹೋಗಿದ್ದರೂ ಒಕ್ಕಣೆ ಮಾತ್ರ ಹೋಗಲಿಲ್ಲ. ಗಂಡನ ಮನಸ್ಸನ್ನು ತಿಳಿಯಬೇಕಾದರೆ ಉಯಿಲನ್ನು ಜಾರಿಗೊಳಿಸಲು ಅವನು ನೇಮಿಸಿದ ಎಕ್ಸಿಕ್ಯೂಟರ್ ಯಾರೆಂದು ನೋಡಿ. ಹೆಂಡತಿಯನ್ನೇ ಏಕೈಕ ಎಕ್ಸಿಕ್ಯೂಟರ್ ಮಾಡಿದ್ದರೆ ಆಕೆಯ ಲೆಕ್ಕಾಚಾರದಲ್ಲಿ ಅವನಿಗೆ ನಂಬಿಕೆ ಇತ್ತು. ಆಕೆಯನ್ನು ಬಿಟ್ಟು ತಮ್ಮನನ್ನೂ ತೋಟದ ಪಾಲುದಾರನನ್ನೂ ನೇಮಿಸಿದ್ದರೆ, ಮಕ್ಕಳ ಪಾಲನೆಯ ಹೊಣೆಯನ್ನೂ ಆಕೆಗೆ ಒಪ್ಪಿಸದಿದ್ದರೆ, ಆಗ ಅನುಮಾನಕ್ಕೆ ಎಡೆಯಿದೆ.

ಅದಕ್ಕಿಂತ ಮುಖ್ಯವಾದದ್ದು, ಉಯಿಲು ಕೊಡುತ್ತೇನೆಂದ ಆದಾಯ ಆಕೆಗೆ ನಿಜವಾಗಿ ಸಿಕ್ಕಿತೆ ಎಂಬುದು. ಕೊಡಗಿನಲ್ಲಿ ಐರೋಪ್ಯರ ತೋಟಗಾರಿಕೆ 1854ರ ಸುಮಾರಿಗೆ ಆರಂಭವಾಗಿ, ಮುಂದೆ ಕಾಂಡಕೊರಕ ಮತ್ತು ಎಲೆರೋಗಗಳಿಂದ ಬಹಳ ಪೆಟ್ಟು ತಿಂದಿತು. ತೋಟವನ್ನು ಅಡವಿಟ್ಟು ಏಜೆನ್ಸಿ ಕಂಪನಿಗಳಿಂದ ಮುಂಗಡ ಪಡೆಯುವುದು ವಾಡಿಕೆಯಾಗಿತ್ತು. ಪ್ರೊಬೇಟಿನಲ್ಲಿ ದೊಡ್ಡದಾಗಿ ಕಾಣುವ ಮೊತ್ತ ಸಾಲ ಕಳೆಯುವ ಮುಂಚಿನದೋ ಕಳೆದ ಮೇಲಿನದೋ ನೋಡಿಕೊಳ್ಳಿ. ಜೊತೆಗೆ, ಮದ್ರಾಸಿನಲ್ಲಿ ಪಡೆದ ಪ್ರೊಬೇಟ್ ಇಲ್ಲಿನ ಆಸ್ತಿಯನ್ನಷ್ಟೇ ಹೇಳುತ್ತದೆ. ಇಂಗ್ಲೆಂಡಿನ ಬ್ಯಾಂಕಿನಲ್ಲಿದ್ದ ಹಣಕ್ಕೆ ಅಲ್ಲಿ ಬೇರೆಯೇ ಪ್ರೊಬೇಟ್ ಬೇಕಿತ್ತು. ತೋಟ ಮಾರಿ ಬಂದ ಹಣವನ್ನು ಮದ್ರಾಸಿನ ಕೊಠಿಗಳಲ್ಲಿ (ಖಾಸಗಿ ಬ್ಯಾಂಕುಗಳಲ್ಲಿ) ಠೇವಣಿಯಿಟ್ಟು ಬಡ್ಡಿಯಿಂದ ಬಾಳುತ್ತಿದ್ದ ವಿಧವೆಯರು ಅನೇಕರು. 1906ರ ಅಕ್ಟೋಬರಿನಲ್ಲಿ ಆರ್ಬತ್‌ನಾಟ್ ಕಂಪನಿ ದಿವಾಳಿಯಾದಾಗ ಇಂಥವರ ಬದುಕು ಒಂದೇ ದಿನದಲ್ಲಿ ಬೀದಿಗೆ ಬಂತು. ಕಲ್ಕತ್ತೆಯಲ್ಲಿ 1830ರ ಜನವರಿಯಲ್ಲಿ ಪಾಮರ್ ಕಂಪನಿ ಮುಳುಗಿದಾಗಲೂ ಹೀಗೇ ಆಗಿತ್ತು. ಗಂಡನ ಉಯಿಲಿನಲ್ಲಿ ಸಿರಿವಂತೆಯಾಗಿ ತೋರಿದವಳು ಇಪ್ಪತ್ತು ವರ್ಷದ ನಂತರ ತನ್ನದೇ ಉಯಿಲಿನಲ್ಲಿ ಎರಡು ಸೀರೆಪೆಟ್ಟಿಗೆಯಷ್ಟೂ ಬಿಡದೆ ಹೋಗಿದ್ದರೆ ನಡುವಿನ ದಿವಾಳಿ ಪ್ರಕರಣಗಳಲ್ಲಿ ಹಣ ಬರಬೇಕಿದ್ದವರ ಪಟ್ಟಿಗಳಲ್ಲಿ ಆಕೆಯ ಹೆಸರನ್ನು ಹುಡುಕುವುದು ವ್ಯರ್ಥವಾಗಲಾರದು.

ಪ್ರಶ್ನೆ: ಹಳೆಯ ಉಯಿಲಿನಲ್ಲಿ ವಿಧವೆಗೆ 2,000 ಪಗೋಡ ಬರೆದಿಟ್ಟಿದೆ. ಇಂದಿನ ಲೆಕ್ಕದಲ್ಲಿ ಎಷ್ಟಾಗುತ್ತದೆ? — ತುಮಕೂರಿನ ಓದುಗರು

ಉತ್ತರ: ಇಂದಿನ ರೂಪಾಯಿಗೆ ತರಲು ಹೋಗಬೇಡಿ, ಬರುವ ಉತ್ತರಕ್ಕೆ ಅರ್ಥವಿರುವುದಿಲ್ಲ. ಮದ್ರಾಸಿನ ಸ್ಟಾರ್ ಪಗೋಡ ಎಂಬ ಚಿನ್ನದ ನಾಣ್ಯಕ್ಕೆ 42 ಫಣ, ಫಣಕ್ಕೆ 80 ಕಾಸು. 1818ರಲ್ಲಿ ರೂಪಾಯಿಯೇ ಅಧಿಕೃತ ನಾಣ್ಯವಾದಾಗ 100 ಪಗೋಡಕ್ಕೆ 350 ರೂಪಾಯಿ ಎಂದು ಗೊತ್ತುಮಾಡಿದರು. ನಿಮ್ಮ 2,000 ಪಗೋಡ ಆ ದರದಲ್ಲಿ 7,000 ರೂಪಾಯಿ. ಬೆಲೆಯ ಅಂದಾಜಿಗೆ ಅದೇ ಕಡತದ ಲೆಕ್ಕದಲ್ಲಿ ಆಳಿನ ತಿಂಗಳ ಸಂಬಳ, ಮನೆ ಬಾಡಿಗೆ ಎಷ್ಟಿವೆ ನೋಡಿ ಹೋಲಿಸಿ.

ಪ್ರಶ್ನೆ: ಮಂಗಳೂರಿನಲ್ಲಿದ್ದ ಐರೋಪ್ಯ ಸಾರ್ಜೆಂಟ್ ಒಬ್ಬನ 19ನೆಯ ಶತಮಾನದ ಆರಂಭದ ಉಯಿಲಿನಲ್ಲಿ ಸ್ಥಳೀಯ ಹೆಂಗಸೊಬ್ಬಳಿಗೂ ಆಕೆಯ ಎರಡು ಮಕ್ಕಳಿಗೂ ಹಣ ಬರೆದಿಟ್ಟಿದೆ. ಆಕೆಯನ್ನು ವಿಧವೆಯೆಂದು ಕರೆಯಬಹುದೆ? — ಮಂಗಳೂರಿನ ಓದುಗರು

ಉತ್ತರ: ಕಾನೂನು ಕರೆಯುತ್ತಿರಲಿಲ್ಲ, ಬದುಕಿನಲ್ಲಿ ಆಕೆ ಅದೇ ಆಗಿದ್ದಿರಬಹುದು. ಇಂಥ ಉಯಿಲುಗಳು ಆ ಕಾಲಕ್ಕೆ ಹೊಸತಲ್ಲ. 1780ರ ದಶಕದ ಮೊದಲರ್ಧದ ಬಂಗಾಳದ ಉಯಿಲುಗಳಲ್ಲಿ ಸುಮಾರು ಮೂರರಲ್ಲೊಂದು ಭಾರತೀಯ ಸಂಗಾತಿಗೋ ಆಕೆಯ ಮಕ್ಕಳಿಗೋ ಏನನ್ನಾದರೂ ಬಿಟ್ಟಿವೆ. 19ನೆಯ ಶತಮಾನದ ನಡುವಿನ ಹೊತ್ತಿಗೆ ಈ ಬಗೆಯ ಉಲ್ಲೇಖ ಹೆಚ್ಚುಕಡಿಮೆ ಮಾಯವಾಗಿತ್ತು. ಚರ್ಚಿನ ಮದುವೆಯಿಲ್ಲದ ಸಂಗಾತಿಗೆ ಉಯಿಲಿಲ್ಲದ ಆಸ್ತಿಯಲ್ಲಿ ಕಾಸಿನ ಪಾಲೂ ಇರಲಿಲ್ಲ. ಮದುವೆಯಾದ ಹೆಂಡತಿಗೆ ಉಯಿಲು ಹಲವು ದಾಖಲೆಗಳಲ್ಲೊಂದು, ಈಕೆಗಾದರೋ ಅದೊಂದೇ; ಹಾಗಾಗಿ ಪ್ರತಿ ಪದವನ್ನೂ ಬಿಡಿಸಿ ಓದಬೇಕು. ಆಕೆಯ ಹೆಸರನ್ನು ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ, ಒಂದೇ ಕಾಗದದಲ್ಲಿ ಎರಡು ರೂಪದಲ್ಲಿ ಬರೆದಿರುವುದೂ ಉಂಟು. ತುಳು, ಕೊಂಕಣಿ, ಬ್ಯಾರಿ ಮನೆತನಗಳ ಹೆಸರುಗಳನ್ನು ಬಾಯಿಬಿಟ್ಟು ಹೇಳಿಕೊಂಡು ನೋಡಿದರೆ ಕೆಲವು ಬಿಡಿಸಿಕೊಳ್ಳುತ್ತವೆ.

ಆಕೆ ಕೆಥೊಲಿಕ್ ಆಗಿದ್ದರೆ ಮದುವೆ ನಡೆದೇ ಇರಬಹುದು. ಪಾದ್ರಿಗಳು ನಡೆಸಿದ ಮದುವೆಗಳು ಆರಂಭದ ದಶಕಗಳಲ್ಲಿ ಲಂಡನ್ನಿಗೆ ಹೋದ ಪ್ರತಿಗಳಲ್ಲಿ ಸೇರಿಲ್ಲದಿರಬಹುದಾದ್ದರಿಂದ ಅಲ್ಲಿ ಸಿಗಲಿಲ್ಲವೆಂದು ಕೈಬಿಡದೆ ಊರಿನ ಇಗರ್ಜಿಯ ಪುಸ್ತಕಗಳನ್ನು ಕೇಳಿ ನೋಡಿ. ಕೊನೆಗೆ ಎಕ್ಸಿಕ್ಯೂಟರನ ಲೆಕ್ಕ. ಬರೆದಿಟ್ಟ ಹಣ ಆಕೆಗೆ ತಲುಪಿತೋ ಇಲ್ಲವೋ ಎಂಬುದಕ್ಕೆ ಅದೇ ಸಾಕ್ಷಿ. ಪಾವತಿಯ ಕೆಳಗೆ ಆಕೆ ಹಾಕಿದ ಗುರುತು ಇದ್ದರೆ ಇಡೀ ಕಡತದಲ್ಲಿ ಆಕೆಯ ಕೈಯಿಂದ ಬಂದದ್ದು ಅದೊಂದೇ. ಇದೇ ಉಯಿಲುಗಳಲ್ಲಿ ಸಂಗಾತಿಯರ ಜೊತೆಗೆ ಗುಲಾಮ ಹುಡುಗಿಯರನ್ನು ಬಿಡುಗಡೆ ಮಾಡಿದ ಸಾಲುಗಳೂ ಕಾಣುತ್ತವೆ, ಏಕೆಂದರೆ ಕಂಪನಿಯ ಕೋರ್ಟುಗಳು ಗುಲಾಮಗಿರಿಗೆ ಮನ್ನಣೆ ನಿಲ್ಲಿಸಿದ್ದು 1843ರ 5ನೆಯ ಕಾಯ್ದೆಯಿಂದ. ಯಾರು ಸಂಗಾತಿ, ಯಾರು ಸೊತ್ತು ಎಂಬುದು ಓದುವಾಗ ಯಾವಾಗಲೂ ಸ್ಪಷ್ಟವಾಗುವುದಿಲ್ಲ. ಅದನ್ನು ನಾವು ನಮಗೆ ಹಿತವಾಗುವಂತೆ ಸ್ಪಷ್ಟಪಡಿಸಿಕೊಳ್ಳಬಾರದು.

ಪ್ರಶ್ನೆ: ನನ್ನ ಮುತ್ತಜ್ಜಿ ಧಾರವಾಡ ಜಿಲ್ಲೆಯಲ್ಲಿ 1890ರ ದಶಕದಲ್ಲಿ ಎಳೆಯ ವಯಸ್ಸಿನಲ್ಲೇ ವಿಧವೆಯಾದವರು. ಜಮೀನಿತ್ತು, ದತ್ತಕ ತೆಗೆದುಕೊಂಡಿದ್ದರು ಎನ್ನುತ್ತಾರೆ. ಅವರ ಬಗ್ಗೆ ಪ್ರೊಬೇಟ್ ಸಿಗುವುದೆ? — ಹುಬ್ಬಳ್ಳಿಯ ಓದುಗರು

ಉತ್ತರ: ಸಿಗುವುದು ಕಷ್ಟ. ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯ ಮಾಡಿದ 1870ರ ಹಿಂದೂ ಉಯಿಲು ಕಾಯ್ದೆ ಬಂಗಾಳ ಪ್ರಾಂತ್ಯ ಹಾಗೂ ಮದ್ರಾಸ್, ಮುಂಬಯಿ ನಗರಗಳಿಗೆ ಸೀಮಿತವಾಗಿತ್ತು. ಧಾರವಾಡ ಅದರ ಹೊರಗೆ. ಅಲ್ಲದೆ ಅವಿಭಕ್ತ ಕುಟುಂಬದಲ್ಲಿ ಗಂಡನ ಪಾಲು ಅವನ ಅಣ್ಣತಮ್ಮಂದಿರಿಗೆ ತಾನಾಗಿ ಸೇರುತ್ತಿದ್ದುದರಿಂದ ಉಯಿಲಿನ ಮಾತೇ ಬರುತ್ತಿರಲಿಲ್ಲ, ವಿಧವೆಗೆ ಉಳಿಯುತ್ತಿದ್ದುದು ಜೀವನಾಂಶ. ಗಂಡ ಮೊದಲೇ ಪಾಲಾಗಿ ಬೇರೆಯಿದ್ದು, ಗಂಡುಮಕ್ಕಳಿಲ್ಲದೆ ಸತ್ತಿದ್ದರೆ ಮಾತ್ರ ಜಮೀನು ಆಕೆಯ ಹೆಸರಿಗೆ ಬರುತ್ತಿತ್ತು, ಅದೂ ಆಕೆ ಬದುಕಿರುವವರೆಗೆ. ಮುತ್ತಜ್ಜಿಗೆ ಜಮೀನಿತ್ತು, ದತ್ತಕವೂ ಆಗಿತ್ತು ಎಂಬ ಎರಡು ಮಾತುಗಳನ್ನು ಕೂಡಿಸಿದರೆ ಅವರ ಗಂಡ ಬೇರೆಯಾಗಿದ್ದವನೆಂದು ತೋರುತ್ತದೆ.

ಆದ್ದರಿಂದ ನೀವು ಕೇಳಬೇಕಾದದ್ದು ಬೇರೆ ಕಾಗದಗಳನ್ನು. ಮುಂಬಯಿ ಪ್ರಾಂತ್ಯದಲ್ಲಿ 1827ರ 8ನೆಯ ರೆಗ್ಯುಲೇಷನ್ ಪ್ರಕಾರ ಜಿಲ್ಲಾ ನ್ಯಾಯಾಲಯ ವಾರಸುದಾರರನ್ನು ಗುರುತಿಸಿ ಸರ್ಟಿಫಿಕೇಟ್ ಕೊಡುತ್ತಿತ್ತು. ಗಂಡ ಇತರರಿಗೆ ಕೊಟ್ಟ ಸಾಲವನ್ನು ವಸೂಲು ಮಾಡಬೇಕಾಗಿದ್ದರೆ 1889ರ ಕಾಯ್ದೆಯಂತೆ ಉತ್ತರಾಧಿಕಾರ ಪ್ರಮಾಣಪತ್ರ ಬೇಕಿತ್ತು. ಹಳ್ಳಿಯ ಮಟ್ಟದಲ್ಲಿ ಖಾತೆ ಬದಲಾವಣೆಯ ನೋಂದಣಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದತ್ತಕಪತ್ರ, ಅಡವು ಮತ್ತು ಕ್ರಯಪತ್ರಗಳಿರುತ್ತವೆ. ದತ್ತಕದ ವಿಚಾರದಲ್ಲಿ ಮೈದುನಂದಿರು ಸುಮ್ಮನಿರುತ್ತಿದ್ದುದು ಅಪರೂಪವಾದ್ದರಿಂದ ದಾವೆಯೊಂದು ನಡೆದಿರುವ ಸಂಭವ ಬಹಳವಿದೆ. ದಾವೆ ನಡೆದಿದ್ದರೆ ಅದು ನಿಮ್ಮ ಪುಣ್ಯ: ಯಾವ ಪ್ರೊಬೇಟಿಗಿಂತಲೂ ಹೆಚ್ಚಿನ ವಿವರ ಸಾಕ್ಷಿಗಳ ಹೇಳಿಕೆಯಲ್ಲಿರುತ್ತದೆ, ಗಂಡ ಸಾಯುವಾಗ ಹಾಸಿಗೆಯ ಬಳಿ ಯಾರಿದ್ದರು, ದತ್ತಕದ ಹೋಮಕ್ಕೆ ಯಾರು ಬಂದಿದ್ದರು, ಯಾರು ಬರಲಿಲ್ಲ ಎಂಬುದೆಲ್ಲ.

ದತ್ತಕಪತ್ರದ ತಾರೀಖನ್ನು ಮಾತ್ರ ಗಂಡನ ಮರಣದ ತಾರೀಖಿನೊಂದಿಗೆ ಹೋಲಿಸಿಯೇ ಮುಂದುವರಿಯಿರಿ. ಅದೇ ಧಾರವಾಡದ ಕಲೆಕ್ಟರ್ ಥ್ಯಾಕರೆ 1824ರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜನ ದತ್ತಕಪತ್ರದ ಸಹಿಯನ್ನು ಶಂಕಿಸಿದ್ದು, ಅದರಿಂದ ಆರಂಭವಾದ ಜಗಳ ರಾಣಿ ಚೆನ್ನಮ್ಮನ ಯುದ್ಧದವರೆಗೆ ಹೋದದ್ದು ನಮಗೆಲ್ಲ ಗೊತ್ತಿರುವುದೇ. ಮುಂಬಯಿ ಪ್ರಾಂತ್ಯದಲ್ಲಿ ಬೇರೆಯಾಗಿದ್ದ ಗಂಡನ ವಿಧವೆ, ಅವನು ಬೇಡವೆಂದು ಹೇಳಿರದಿದ್ದರೆ, ಅವನ ಮರಣದ ಎಷ್ಟೋ ವರ್ಷಗಳ ನಂತರವೂ ದತ್ತಕ ತೆಗೆದುಕೊಳ್ಳಬಹುದಿತ್ತು. ಮದ್ರಾಸ್ ಸೀಮೆಯಲ್ಲಾದರೆ ಗಂಡನ ಅನುಮತಿ ಅಥವಾ ಸಪಿಂಡರ (ಅವನ ಹತ್ತಿರದ ರಕ್ತಸಂಬಂಧಿಗಳ) ಒಪ್ಪಿಗೆ ಬೇಕಿತ್ತು. ಹಾಗಾಗಿ ನಿಮ್ಮ ಮುತ್ತಜ್ಜಿಯ ಪತ್ರದಲ್ಲಿ ಹತ್ತು ಹದಿನೈದು ವರ್ಷಗಳ ಅಂತರ ಕಂಡರೆ ಗಾಬರಿಯಾಗಬೇಡಿ. ಅಷ್ಟು ವರ್ಷ ಜಮೀನನ್ನು ಸ್ವತಃ ನಡೆಸಿಕೊಂಡು ಬಂದ ಹೆಣ್ಣಿನ ಖಾತೆ, ಕಂದಾಯದ ರಸೀದಿ, ಗೇಣಿ ಕರಾರುಗಳು ಆ ಅವಧಿಯವೇ ಆಗಿರುತ್ತವೆ. ಮೊದಲು ತಾಲ್ಲೂಕು ಕಚೇರಿಯಲ್ಲಿ ಆ ವರ್ಷಗಳ ಪುಸ್ತಕಗಳನ್ನು ಕೇಳಿ.